ನೀರು ಮುಟ್ಟದ ಜಾಗದಲ್ಲೇ ಕರಗಿದ ಪೈಪು: ಒಂದು ಒಳಚರಂಡಿ ಕುಸಿತದ ಪ್ರಕರಣ ಅಧ್ಯಯನ

ಗುಂಡಿಯ ಬಾಯಿ ಒಂದು ಮೀಟರ್ ಅಗಲವೂ ಇರಲಿಲ್ಲ. ಬಗ್ಗಿ ಟಾರ್ಚ್ ಬಿಟ್ಟಾಗ ಮಾತ್ರ ಗೊತ್ತಾಯಿತು, ಒಳಗೆ ಒಂದು ಸಣ್ಣ ಕೋಣೆಯಷ್ಟು ಮಣ್ಣು ಕಾಣೆಯಾಗಿತ್ತು. ಡಾಂಬರಿನ ಪದರ ಮುಚ್ಚಳದ ಹಾಗೆ ಅದರ ಮೇಲೆ ನಿಂತಿತ್ತು. ಕೆಳಗೆ ಒಳಚರಂಡಿಯ ದೊಡ್ಡ ಪೈಪು, ಅದರ ನೆತ್ತಿಯಲ್ಲಿ ತೂತು, ತೂತಿನೊಳಗೆ ಕೊಳಚೆ ನೀರು ಏನೂ ಆಗದವರ ಹಾಗೆ ಹರಿಯುತ್ತಿತ್ತು.

ಆ ಪೈಪನ್ನು ನೋಡಿಕೊಳ್ಳುತ್ತಿದ್ದ ತಂಡದಲ್ಲಿ ನಾನೂ ಇದ್ದೆ. ಊರು, ಇಲಾಖೆ, ಜನ ಯಾರೆಂದು ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಒಂದೆರಡು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ನಾವು ತೆಗೆದುಕೊಂಡ ನಿರ್ಧಾರಗಳನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ, ತಪ್ಪಿದ್ದನ್ನೂ ಸೇರಿಸಿ.

ಹಿನ್ನೆಲೆ

ಅದು 900 ಮಿಲಿಮೀಟರ್ ವ್ಯಾಸದ ಕಾಂಕ್ರೀಟ್ ಪೈಪು. ಗೋಡೆಯ ದಪ್ಪ 100 ಮಿಲಿಮೀಟರ್. ಹಾಕಿ 25 ವರ್ಷ ಆಗಿತ್ತು. ಕಾಂಕ್ರೀಟ್ ಪೈಪಿಗೆ ಇದು ಮುಪ್ಪಿನ ವಯಸ್ಸೇನಲ್ಲ. ಚೆನ್ನಾಗಿ ಹಾಕಿದರೆ 50 ವರ್ಷ, ಅದಕ್ಕಿಂತ ಜಾಸ್ತಿ ಬಾಳಬೇಕು.

ಮೊದಲ 15 ವರ್ಷ ಈ ಪೈಪಿನಿಂದ ಯಾವ ತಕರಾರೂ ಇರಲಿಲ್ಲ. ಆಮೇಲೆ ತಗ್ಗಿನ ಕಡೆ ಹೊಸ ಬಡಾವಣೆ ಬಂತು. ಅಲ್ಲಿನ ಕೊಳಚೆ ತಾನಾಗಿ ಹರಿದು ಇಲ್ಲಿಗೆ ಬರುವಂತಿರಲಿಲ್ಲ. ಅದಕ್ಕೆ ಒಂದು ಪಂಪ್‌ಹೌಸ್ ಕಟ್ಟಿ, 2 ಕಿಲೋಮೀಟರ್ ಉದ್ದದ ಒತ್ತಡದ ಪೈಪು ಎಳೆದು, ಅದರ ತುದಿಯನ್ನು ನಮ್ಮ ಹಳೇ ಪೈಪಿನ ಒಂದು ಮ್ಯಾನ್‌ಹೋಲಿಗೆ ತಂದು ಬಿಟ್ಟರು. ಒತ್ತಡದ ಪೈಪಿನ ವ್ಯಾಸ 400 ಮಿಲಿಮೀಟರ್. ಮುಂದೆ ಬಡಾವಣೆ ತುಂಬಿದಾಗ ಸಾಲದಾಗಬಾರದು ಎಂದು ದೊಡ್ಡದನ್ನೇ ಹಾಕಿದ್ದರು. ಆಗ ಅದು ಬುದ್ಧಿವಂತಿಕೆಯ ಕೆಲಸವಾಗಿಯೇ ಕಂಡಿತ್ತು.

ಅದಾಗಿ ಆರು ವರ್ಷಕ್ಕೆ ವಾಸನೆಯ ದೂರು ಶುರುವಾಯಿತು. ಕೊಳೆತ ಮೊಟ್ಟೆಯ ವಾಸನೆ. ದೂರು ಬಂದಷ್ಟೂ ಮ್ಯಾನ್‌ಹೋಲ್ ಮುಚ್ಚಳಗಳನ್ನು ಒಂದೊಂದಾಗಿ ಬದಲಿಸಿ, ಗಾಳಿಯಾಡದ ಹಾಗೆ ರಬ್ಬರ್ ಸೀಲ್ ಹಾಕಿದೆವು. ದೂರು ನಿಂತಿತು. ಕಡತದಲ್ಲಿ "ಬಗೆಹರಿದಿದೆ" ಎಂದು ಬರೆದವನು ನಾನೇ.

ರಸ್ತೆ ಕುಸಿದದ್ದು ಅದಾದ ನಾಲ್ಕು ವರ್ಷಕ್ಕೆ.

ಮೊದಲ ಊಹೆ

ಪೈಪು ಕುಸಿದಾಗ ಎಲ್ಲರೂ ಮೊದಲು ದೂರುವುದು ಮೇಲೆ ಓಡುವ ಲಾರಿಗಳನ್ನು. ನಾವೂ ಹಾಗೇ ಮಾಡಿದೆವು. ತಪ್ಪು ಊಹೆ ಅಂತ ಅಲ್ಲ, ಕಾರಣಗಳ ಪಟ್ಟಿಯಲ್ಲಿ ಅದೂ ಇದೆ. ಆದರೆ ಭಾರಕ್ಕೆ ಒಡೆದ ಪೈಪಿಗೆ ಒಂದು ಗುರುತಿರುತ್ತದೆ. ಮೇಲಿಂದ ಒತ್ತಿದಾಗ ಪೈಪು ಮೊಟ್ಟೆಯಾಕಾರಕ್ಕೆ ಚಪ್ಪಟೆಯಾಗಲು ನೋಡುತ್ತದೆ. ನೆತ್ತಿಯಲ್ಲೂ ತಳದಲ್ಲೂ ಒಳಮೈ ಬಿರಿಯುತ್ತದೆ, ಎರಡು ಪಕ್ಕೆಗಳಲ್ಲಿ ಹೊರಮೈ ಬಿರಿಯುತ್ತದೆ. ಗಡಿಯಾರದ ಮುಳ್ಳಿನಲ್ಲಿ ಹೇಳುವುದಾದರೆ 12, 3, 6, 9ರ ಜಾಗದಲ್ಲಿ ಉದ್ದುದ್ದ ಬಿರುಕು.

ಇನ್ನೊಂದು ಅನುಮಾನ ಜಾಯಿಂಟುಗಳ ಮೇಲೆ. ಎರಡು ಪೈಪು ಸೇರುವ ಜಾಗ ಸ್ವಲ್ಪ ಸಡಿಲವಾದರೂ ಸಾಕು, ಮರದ ಬೇರು ಕೂದಲೆಳೆಯ ಹಾಗೆ ನುಗ್ಗಿ ಒಳಗೆ ಪೊರಕೆಯಷ್ಟು ದಪ್ಪ ಬೆಳೆಯುತ್ತದೆ. ಅಂತರ್ಜಲ ಮೇಲಿದ್ದರೆ ಆ ಸಂದಿಯಿಂದ ನೀರಿನ ಜೊತೆ ನುಣ್ಣನೆ ಮಣ್ಣೂ ಒಳಗೆ ಸೋರುತ್ತದೆ. ಪೈಪಿನ ಸುತ್ತ ಟೊಳ್ಳಾಗುತ್ತದೆ. ಪೈಪು ನಿಂತಿರುವುದು ತನ್ನ ಬಲದಿಂದ ಮಾತ್ರ ಅಲ್ಲ, ಸುತ್ತ ಬಿಗಿಯಾಗಿ ಕೂತ ಮಣ್ಣಿನ ಆಸರೆಯಿಂದ. ಆಸರೆ ಹೋದರೆ ಗಟ್ಟಿ ಪೈಪೂ ಉಳಿಯುವುದಿಲ್ಲ. ಹೀಗಾಗಿದ್ದರೆ ಕೆಳಗಿನ ಮ್ಯಾನ್‌ಹೋಲ್‌ಗಳಲ್ಲಿ ಮರಳು ತುಂಬಾ ದಿನದಿಂದ ಕೂತಿರಬೇಕಿತ್ತು.

ನಾವು ಮರಳು ನೋಡಲಿಲ್ಲ, ಬಿರುಕಿನ ಜಾಗವನ್ನೂ ನೋಡಲಿಲ್ಲ. ಸಂಚಾರ ನಿಂತಿತ್ತು, ಮೇಲಿನವರ ಫೋನು ಬರುತ್ತಿತ್ತು. ಎರಡು ತುಂಡು ಪೈಪು ತೆಗೆದು, ಅದೇ ಬಗೆಯ ಎರಡು ಹೊಸ ಕಾಂಕ್ರೀಟ್ ಪೈಪು ಇಟ್ಟು, ಮಣ್ಣು ತುಂಬಿ ಗುದ್ದಿ, ನಾಲ್ಕನೇ ದಿನ ರಸ್ತೆ ಬಿಟ್ಟೆವು. ಒಡೆದ ತುಂಡುಗಳನ್ನು ಲಾರಿಗೆ ತುಂಬಿ ಕಳಿಸಿದೆವು. ಇಡೀ ಪ್ರಕರಣದ ಉತ್ತರ ಆ ಲಾರಿಯಲ್ಲಿ ಹೋಯಿತು.

ಕ್ಯಾಮೆರಾ ಹೇಳಿದ್ದು, ನಾವು ಕೇಳಿದ್ದು

ಉಳಿದ ಪೈಪು ಹೇಗಿದೆ ಎಂದು ತಿಳಿಯಲು ಕ್ಯಾಮೆರಾ ಬಿಟ್ಟೆವು. ವರದಿಯಲ್ಲಿ 1ರಿಂದ 5ರ ಅಳತೆಯಲ್ಲಿ 2 ಅಂಕ ಬಂತು. ಅಂದರೆ ಸಣ್ಣಪುಟ್ಟ ದೋಷ, ಅವಸರವಿಲ್ಲ. ಬಿರುಕು ಇಲ್ಲ, ಜಾಯಿಂಟ್ ಸರಿದಿಲ್ಲ, ಎರಡು ಕಡೆ ಬೇರು ಇದೆ. ಬೇರು ಕತ್ತರಿಸಿದೆವು.

ಆ ವಿಡಿಯೋವನ್ನು ಆಮೇಲೆ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪೈಪು ಅರ್ಧ ತುಂಬಿದೆ. ಒಳಗೆಲ್ಲ ಮಂಜು. ನೆತ್ತಿಯ ಮೇಲೆ ಹಳದಿ ಮಿಶ್ರಿತ ಬಿಳಿ ಪದರ. ವರದಿ ಬರೆದವರು ಅದನ್ನು "ಸುಣ್ಣದ ಲೇಪ" ಎಂದು ಗುರುತು ಹಾಕಿದ್ದರು. ಕ್ಯಾಮೆರಾ ಬಿರುಕು ಹುಡುಕುತ್ತಿತ್ತು. ಇಲ್ಲಿ ಬಿರುಕೇ ಇರಲಿಲ್ಲ. ಗೋಡೆಯೇ ಮೆತ್ತಗಾಗಿತ್ತು, ಮೆತ್ತಗಾದದ್ದು ಬಿರಿಯುವುದಿಲ್ಲ ಅಲ್ವಾ? ಎಷ್ಟು ದಪ್ಪ ಉಳಿದಿದೆ ಎಂದು ಚಿತ್ರ ಹೇಳುವುದಿಲ್ಲ. ನಾವೂ ಅದನ್ನು ಕೇಳಲಿಲ್ಲ.

ತಿರುವು

ಒಂದೂವರೆ ವರ್ಷದ ಮೇಲೆ ರಸ್ತೆ ಮತ್ತೆ ಕುಸಿಯಿತು. ಮೊದಲ ಗುಂಡಿಯಿಂದ 30 ಮೀಟರ್ ಮೇಲಕ್ಕೆ, ಪಂಪ್ ಪೈಪು ಬಂದು ಸೇರುವ ಮ್ಯಾನ್‌ಹೋಲಿನ ಕಡೆಗೆ.

ಈ ಸಲ ಜೋರು ನೀರು ಹಾಯಿಸಿ ಪೈಪು ತೊಳೆಯುವ ಜೆಟ್ಟಿಂಗ್ ಮಷೀನಿನ ಜೊತೆ ಬಂದಿದ್ದ ಒಬ್ಬ ಹಿರಿಯ ಕೆಲಸಗಾರರು ಗುಂಡಿಯ ಕಡೆ ನೋಡಲೇ ಇಲ್ಲ. ಮೇಲಿನ ಮ್ಯಾನ್‌ಹೋಲಿನ ಹತ್ತಿರ ಕರೆದುಕೊಂಡು ಹೋಗಿ, ಮುಚ್ಚಳ ತೆಗೆಸಿ, ಟಾರ್ಚ್ ಬಿಟ್ಟು ಕೇಳಿದರು: "ಸರ್, ಇಲ್ಲಿ ಮೆಟ್ಟಿಲಿತ್ತು. ಎಲ್ಲಿ ಹೋಯ್ತು ಹೇಳಿ?"

ಕಬ್ಬಿಣದ ಮೆಟ್ಟಿಲುಗಳ ಜಾಗದಲ್ಲಿ ಮೊಳೆಯಷ್ಟು ಸಣ್ಣ ಮೊಂಡು ತುದಿಗಳು ಉಳಿದಿದ್ದವು. ಗೋಡೆಯಲ್ಲಿ ಜಲ್ಲಿ ಹಲ್ಲಿನ ಹಾಗೆ ಹೊರಗೆ ಚಾಚಿತ್ತು. ನೀರಿನ ಮಟ್ಟಕ್ಕಿಂತ ಕೆಳಗಿನ ಗೋಡೆ ಮಾತ್ರ ನುಣ್ಣಗಿತ್ತು.

"ಮೊದಲೆಲ್ಲ ಮುಚ್ಚಳ ತೆಗೆದರೆ ವಾಸನೆ ತಡೆಯೋಕಾಗ್ತಿರಲಿಲ್ಲ. ಈಗ ಒಂದು ಸಲ ಬಂದು ಸುಮ್ನೆ ನಿಂತುಹೋಗುತ್ತೆ" ಎಂದರು ಅವರು. ಆ ಮಾತು ಕೇಳಿ ನಾವು ಎರಡು ಹೆಜ್ಜೆ ಹಿಂದೆ ಸರಿದೆವು. ವಾಸನೆ ಕಡಿಮೆಯಾಗಿದೆ ಎಂದಲ್ಲ ಅದರ ಅರ್ಥ. ಕೊಳೆತ ಮೊಟ್ಟೆಯ ವಾಸನೆ ಕೊಡುವ ಹೈಡ್ರೋಜನ್ ಸಲ್ಫೈಡ್ ಅನಿಲ ಗಾಳಿಯಲ್ಲಿ 100 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 100 ಪಾಲು) ದಾಟಿದರೆ ಮೂಗು ಕೆಲಸ ನಿಲ್ಲಿಸುತ್ತದೆ. 500 ದಾಟಿದರೆ ಮನುಷ್ಯ ಕುಸಿದು ಬೀಳಬಹುದು, ಇನ್ನೂ ಏರಿದರೆ ಒಂದೆರಡು ಉಸಿರೇ ಸಾಕು. ಅವತ್ತಿನಿಂದ ಆ ಲೈನಿನಲ್ಲಿ ಯಾವ ಮ್ಯಾನ್‌ಹೋಲಿಗೂ ಮನುಷ್ಯ ಇಳಿಯಬಾರದು ಎಂದು ಬರೆದು ಕೊಟ್ಟೆವು. ಈ ಪ್ರಕರಣದಲ್ಲಿ ತಡಮಾಡದೆ ತೆಗೆದುಕೊಂಡ ಸರಿಯಾದ ನಿರ್ಧಾರ ಅಂದರೆ ಇದೊಂದೇ.

ಈ ಸಲ ಒಡೆದ ತುಂಡನ್ನು ಕಳಿಸಲಿಲ್ಲ. ತೊಳೆದು ಮೇಜಿನ ಮೇಲಿಟ್ಟೆವು. ತಳದ ತುಂಡು 100 ಮಿಲಿಮೀಟರಿಗೆ ಒಂದೆರಡು ಕಡಿಮೆ. ನೆತ್ತಿಯ ತುಂಡಿನಲ್ಲಿ ಉಳಿದಿದ್ದು ಬರೀ 40. ಒಳಗಿನ ಸರಳುಗಳು ತುಕ್ಕಿನ ಗೆರೆಯಾಗಿದ್ದವು. ಆ ಬಿಳಿ ಪದರಕ್ಕೆ ಸ್ಕ್ರೂಡ್ರೈವರ್ ಚುಚ್ಚಿದರೆ ಮೊಸರಿಗೆ ಚಮಚ ಇಳಿದ ಹಾಗೆ ಇಳಿಯಿತು. ಆಮ್ಲವೋ ಕ್ಷಾರವೋ ಎಂದು ತೋರಿಸುವ ಪಿಎಚ್ ಕಾಗದ ಒತ್ತಿದೆವು: 1 ಮತ್ತು 2ರ ನಡುವೆ, ಅಂದರೆ ಕಡು ಆಮ್ಲ. ಹೊಸ ಕಾಂಕ್ರೀಟಿನ ಪಿಎಚ್ 12ರಿಂದ 13 ಇರುತ್ತದೆ, ಅಂದರೆ ಕಡು ಕ್ಷಾರ. ತುಂಡಿನ ಅಡ್ಡಕೊಯ್ತದ ಮೇಲೆ ಕ್ಷಾರವಿದ್ದರೆ ಗುಲಾಬಿಯಾಗುವ ಫೀನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿದಾಗ ಹೊರಗಿನ ಭಾಗ ಗುಲಾಬಿಯಾಯಿತು, ಒಳಮೈ ಕಡೆ ಬಣ್ಣವೇ ಬರಲಿಲ್ಲ. ಅಂದರೆ ನೋಡಲು ಕಾಂಕ್ರೀಟ್ ಎನ್ನಿಸುತ್ತಿದ್ದ 40ರಲ್ಲೂ ಸ್ವಲ್ಪ ಭಾಗದ ಕ್ಷಾರ ಆಗಲೇ ಹೋಗಿತ್ತು.

ಮೊದಲ ಕುಸಿತದಲ್ಲಿ ಹಾಕಿದ್ದ ಹೊಸ ಪೈಪುಗಳ ನೆತ್ತಿಯನ್ನೂ ಕೆರೆದೆವು. ಒಂದೂವರೆ ವರ್ಷದ ಪೈಪು. ಉಗುರಿಗೆ ಬಿಳಿ ಹಿಟ್ಟು ಬಂತು.

ನೆತ್ತಿ ಏಕೆ, ತಳ ಏಕಲ್ಲ

ಪೈಪನ್ನು ಕೊಳಚೆ ನೀರು ತಿನ್ನುತ್ತದೆ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಿದ್ದರೆ ತಳ ಮೊದಲು ಹೋಗಬೇಕಿತ್ತು. ಇಲ್ಲಿ ಹೋದದ್ದು ನೀರು ಎಂದೂ ಮುಟ್ಟದ ಜಾಗ.

ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ, ಎರಡು ಬೇರೆ ಬೇರೆ ಬ್ಯಾಕ್ಟೀರಿಯಾ ಕೈಯಲ್ಲಿ. ನೀರಿನೊಳಗೆ ಪೈಪಿನ ಗೋಡೆಗೆ ಲೋಳೆ ಅಂಟಿರುತ್ತದೆ. ಆ ಲೋಳೆಯ ಒಳಪದರಕ್ಕೆ ಆಮ್ಲಜನಕ ತಲುಪುವುದಿಲ್ಲ. ಅಲ್ಲಿನ ಬ್ಯಾಕ್ಟೀರಿಯಾ ಉಸಿರಾಟಕ್ಕೆ ಆಮ್ಲಜನಕದ ಬದಲು ನೀರಿನಲ್ಲಿರುವ ಸಲ್ಫೇಟನ್ನು ಬಳಸುತ್ತವೆ, ಸಲ್ಫೈಡ್ ಬಿಡುತ್ತವೆ. ನೀರು ಶಾಂತವಾಗಿ ಹರಿಯುತ್ತಿದ್ದರೆ ಅದರಲ್ಲಿ ಜಾಸ್ತಿ ಪಾಲು ನೀರಿನಲ್ಲೇ ಉಳಿಯುತ್ತದೆ. ಮೇಲಿಂದ ಧುಮುಕಿದರೆ, ಕಲಕಿದರೆ, ಸೋಡಾ ಬಾಟಲಿ ಅಲ್ಲಾಡಿಸಿದ ಹಾಗೆ ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಹೊರಗೆ ಬರುತ್ತದೆ.

ಎರಡನೇ ಹಂತ ನೀರಿನ ಮೇಲೆ. ಪೈಪಿನ ನೆತ್ತಿ ಸದಾ ಬೆವರಿರುತ್ತದೆ. ಅನಿಲ ಆ ಬೆವರಿನಲ್ಲಿ ಕರಗುತ್ತದೆ. ಹೊಸ ಕಾಂಕ್ರೀಟಿನ ಕ್ಷಾರದಲ್ಲಿ ಬ್ಯಾಕ್ಟೀರಿಯಾ ಬದುಕಲಾರವು. ಆದರೆ ಇಂಗಾಲದ ಡೈಆಕ್ಸೈಡ್ ಮತ್ತು ಈ ಅನಿಲ ಸೇರಿ ಮೇಲ್ಮೈಯ ಪಿಎಚ್ಚನ್ನು ನಿಧಾನಕ್ಕೆ 9ರ ಹತ್ತಿರ ಇಳಿಸುತ್ತವೆ. ಆಗ ಬಾಗಿಲು ತೆರೆಯುತ್ತದೆ. ಅಲ್ಲಿ ನೆಲೆಯೂರುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕು. ಅವು ಅನಿಲವನ್ನು ತಿಂದು ಸಲ್ಫ್ಯೂರಿಕ್ ಆಮ್ಲ ಮಾಡುತ್ತವೆ. ಆಮ್ಲ ಸಿಮೆಂಟನ್ನು ಜಿಪ್ಸಮ್ ಮಾಡುತ್ತದೆ. ನಮ್ಮ "ಸುಣ್ಣದ ಲೇಪ" ಅಂದರೆ ಈ ಜಿಪ್ಸಮ್. ಕೆಟ್ಟ ಪರಿಸ್ಥಿತಿಯಲ್ಲಿ ವರ್ಷಕ್ಕೆ ಹಲವು ಮಿಲಿಮೀಟರ್ ಗೋಡೆ ಹೀಗೆ ಹೋಗುತ್ತದೆ. ತಳದಲ್ಲಿ ಆಮ್ಲ ನಿಲ್ಲುವುದಿಲ್ಲ, ನೀರು ತೊಳೆದುಕೊಂಡು ಹೋಗುತ್ತದೆ.

ಇದೇನೂ ಹೊಸ ವಿದ್ಯೆಯಲ್ಲ. ಆಸ್ಟ್ರೇಲಿಯಾದ ಪಾರ್ಕರ್ ಎಂಬ ವಿಜ್ಞಾನಿ 1945ರಲ್ಲೇ ಕೊಳೆತ ಕಾಂಕ್ರೀಟಿನಿಂದ ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ, ಅದಕ್ಕೆ "ಕಾಂಕ್ರೀಟ್ ತಿನ್ನುವುದು" ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದರು. ನಮ್ಮ ತಂಡದಲ್ಲಿ ಮೂವರು ಇದನ್ನು ಕಾಲೇಜಿನಲ್ಲಿ ಓದಿದ್ದೆವು. ಪರೀಕ್ಷೆಯಲ್ಲಿ ಬರೆದೂ ಇದ್ದೆವು.

ಏಳು ಗಂಟೆಯ ಲೆಕ್ಕ

ಹಾಗಾದರೆ ಮೊದಲ 15 ವರ್ಷ ಏಕೆ ಏನೂ ಆಗಲಿಲ್ಲ? ಉತ್ತರ ಪಂಪ್‌ಹೌಸಿನಲ್ಲಿತ್ತು.

ಇಳಿಜಾರಿನ ಪೈಪಿನಲ್ಲಿ ನೀರಿನ ಮೇಲೆ ಗಾಳಿ ಇರುತ್ತದೆ, ಸ್ವಲ್ಪವಾದರೂ ಆಮ್ಲಜನಕ ಸಿಗುತ್ತದೆ. ಒತ್ತಡದ ಪೈಪು ಪೂರ್ತಿ ತುಂಬಿರುತ್ತದೆ, ಗಾಳಿಯೇ ಇಲ್ಲ. ಸುತ್ತಲೂ ಲೋಳೆ. ಅದರೊಳಗೆ ಕೊಳಚೆ ಎಷ್ಟು ಹೊತ್ತು ಕೂರುತ್ತದೋ ಅಷ್ಟು ಸಲ್ಫೈಡ್. ನಾವು ಒಂದು ಕಾಗದದಲ್ಲಿ ಗುಣಿಸಿ ನೋಡಿದೆವು. 400 ಮಿಲಿಮೀಟರ್ ವ್ಯಾಸ, 2 ಕಿಲೋಮೀಟರ್ ಉದ್ದ: ಹಿಡಿಯುವುದು ಸುಮಾರು 250 ಘನ ಮೀಟರ್. ಅರ್ಧ ತುಂಬಿದ ಬಡಾವಣೆಯಿಂದ ರಾತ್ರಿ ಬರುತ್ತಿದ್ದದ್ದು ಸೆಕೆಂಡಿಗೆ ಸರಾಸರಿ 10 ಲೀಟರ್. ಹಾಗಾದರೆ ಒಂದು ಹನಿ ಈ ತುದಿಯಿಂದ ಆ ತುದಿಗೆ ಹೋಗಲು 7 ಗಂಟೆ ಬೇಕು. ಮುಂದಾಲೋಚನೆಯಿಂದ ಹಾಕಿದ ದೊಡ್ಡ ಪೈಪು ಕೊಳಚೆಯನ್ನು ಕೊಳೆಹಾಕುವ ಹಂಡೆಯಾಗಿತ್ತು.

ಅದರ ತುದಿ ಮ್ಯಾನ್‌ಹೋಲಿನಲ್ಲಿ ತಳದಿಂದ ಆಳೆತ್ತರದಲ್ಲಿತ್ತು. ಇಡೀ ರಾತ್ರಿ ಕೊಳೆತ ನೀರು ಅಲ್ಲಿಂದ ಧುಮುಕುತ್ತಿತ್ತು. ಹೊರಗೆ ಹೋಗಲು ದಾರಿ ಹುಡುಕುತ್ತಿದ್ದ ಅನಿಲಕ್ಕೆ ನಾವು ರಬ್ಬರ್ ಸೀಲ್ ಹಾಕಿದ್ದೆವು. ಅದು ಪೈಪಿನೊಳಗೇ ತಿರುಗಿತು, ತೇವ ಇನ್ನೂ ಏರಿತು. ಸೀಲ್ ಹಾಕಿದ ಮೇಲೆ ಎಷ್ಟು ಮಿಲಿಮೀಟರ್ ಹೋಯಿತು, ಮೊದಲು ಎಷ್ಟು ಹೋಗಿತ್ತು ಎಂದು ಬಿಡಿಸಿ ಹೇಳಲು ನಮ್ಮಲ್ಲಿ ಅಳತೆ ಇಲ್ಲ. ನನ್ನ ಅನಿಸಿಕೆ, ಅರ್ಧಕ್ಕಿಂತ ಜಾಸ್ತಿ ಆಮೇಲೆ ಹೋಗಿದ್ದು.

ಇದಕ್ಕೂ ಮೊದಲು ಒಂದು ಸಲ ಅನಿಲ ಅಳೆದಿದ್ದೆವು, ವಾಸನೆಯ ದೂರಿನ ಕಾಲದಲ್ಲಿ. ಬೆಳಿಗ್ಗೆ 11 ಗಂಟೆಗೆ. 10 ಪಿಪಿಎಂ ಕೂಡ ಇರಲಿಲ್ಲ. ಈಗ ಮುಚ್ಚಳದ ಕೆಳಗೆ ದಾಖಲಿಸುವ ಮಾಪಕವನ್ನು ಒಂದು ವಾರ ನೇತು ಹಾಕಿದೆವು. ದಿನವಿಡೀ ತಗ್ಗಿನಲ್ಲಿದ್ದ ಗೆರೆ ಬೆಳಿಗ್ಗೆ 6ರ ಹೊತ್ತಿಗೆ ಗೋಪುರದ ಹಾಗೆ 200 ದಾಟುತ್ತಿತ್ತು. ಊರು ಎದ್ದು ನಲ್ಲಿ ತಿರುಗಿಸುತ್ತದೆ, ಹೊಸ ನೀರು ರಾತ್ರಿಯ ಕೊಳಚೆಯನ್ನು ಮುಂದಕ್ಕೆ ತಳ್ಳುತ್ತದೆ. ನಾವು ಕಚೇರಿ ಸಮಯಕ್ಕೆ ಸರಿಯಾಗಿ ಅಳೆದಿದ್ದೆವು, ಅಷ್ಟೇ.

ಏನೇನು ಮಾಡಿದೆವು

ಪಂಪನ್ನು ರಾತ್ರಿ ಪದೇ ಪದೇ ಓಡಿಸಿದರೆ ಸಾಕು ಎಂಬ ಸಲಹೆ ಮೊದಲು ಬಂತು. ಖರ್ಚಿಲ್ಲದ ದಾರಿ, ಎಲ್ಲರಿಗೂ ಇಷ್ಟವಾಯಿತು. ಒಂದು ತಿಂಗಳು ಮಾಡಿದೆವು. ಬೆಳಗಿನ ಗೋಪುರ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಯೋಚಿಸಿದರೆ ಸಹಜವೇ. ಪಂಪಿನ ಬಾವಿಯಲ್ಲಿ ಕೊಳಚೆ ಕೂರುವ ಹೊತ್ತು ಕಡಿಮೆಯಾಗುತ್ತದೆ, ಪೈಪಿನೊಳಗೆ ಕೂರುವ ಹೊತ್ತು ಆಗುವುದಿಲ್ಲ. ಬರುವ ನೀರೇ ಅಷ್ಟಿದ್ದಾಗ ಹತ್ತು ಸಲ ತಳ್ಳಿದರೇನು, ನಾಲ್ಕು ಸಲ ತಳ್ಳಿದರೇನು.

ಎರಡನೆಯದು ನೈಟ್ರೇಟ್ ದ್ರಾವಣ. ನೈಟ್ರೇಟ್ ಇದ್ದರೆ ಬ್ಯಾಕ್ಟೀರಿಯಾಗಳಿಗೆ ಅದೇ ಉಸಿರಾಟಕ್ಕೆ ಒದಗುತ್ತದೆ, ಸಲ್ಫೈಡ್ ನಿಲ್ಲುತ್ತದೆ. ಪಂಪ್‌ಹೌಸಿನಲ್ಲಿ ದಿನವಿಡೀ ಒಂದೇ ಪ್ರಮಾಣದಲ್ಲಿ ಹನಿಸಿದೆವು. ಹಗಲು ದಂಡವಾಯಿತು, ರಾತ್ರಿ ಸಾಲಲಿಲ್ಲ. 7 ಗಂಟೆಯ ದಾರಿಯಲ್ಲಿ ನೈಟ್ರೇಟ್ ಅರ್ಧಕ್ಕೇ ಮುಗಿದುಹೋಗಿ, ಉಳಿದರ್ಧ ದಾರಿಯಲ್ಲಿ ಸಲ್ಫೈಡ್ ಮತ್ತೆ ಹುಟ್ಟುತ್ತಿತ್ತು. ಸಂಜೆಯಿಂದ ಪ್ರಮಾಣ ಏರಿಸಿ ಹಗಲು ಇಳಿಸಿದ ಮೇಲೆ ಗೋಪುರ 30ರ ಕೆಳಗೆ ಬಂತು. ಇದಕ್ಕೆ ಮೂರು ತಿಂಗಳು ಹಿಡಿಯಿತು.

ಕೊಳಚೆ ಧುಮುಕದಂತೆ, ಒತ್ತಡದ ಪೈಪಿನ ತುದಿಗೆ ಬಾಗು ಹಾಕಿ ತಳದವರೆಗೆ ಇಳಿಸಿದೆವು. ಇಡೀ ಯೋಜನೆಯಲ್ಲಿ ಅತಿ ಅಗ್ಗದ ಕೆಲಸ ಇದು. ಹತ್ತು ವರ್ಷ ಮೊದಲೇ ಆಗಬೇಕಿತ್ತು.

ಪೈಪಿನ ವಿಷಯದಲ್ಲಿ ದೊಡ್ಡ ಜಗಳವೇ ಆಯಿತು. ಕೆಲವರು ಒಳಗೆ ಸಿಮೆಂಟ್ ಗಾರೆ ಬಳಿಯೋಣ ಎಂದರು. ಮೆತ್ತಗಿನ ಜಿಪ್ಸಮ್ ಮೇಲೆ ಬಳಿದ ಗಾರೆ ನಿಲ್ಲುವುದಿಲ್ಲ. ಕೆರೆದು ಬಳಿದರೂ ಅದೂ ಸಿಮೆಂಟೇ, ಆಮ್ಲಕ್ಕೆ ಇನ್ನೊಂದು ಊಟ. ಕೊನೆಗೆ ಕುಸಿದ ತುಂಡುಗಳನ್ನು ಪ್ಲಾಸ್ಟಿಕ್ ಒಳಪದರವಿರುವ ಪೈಪುಗಳಿಂದ ಬದಲಿಸಿ, ಉಳಿದ 300 ಮೀಟರಿಗೆ ಒಳಗಿನಿಂದ ಅಂಗಿ ತೊಡಿಸಿದೆವು. ರಾಳದಲ್ಲಿ ನೆನೆಸಿದ ಬಟ್ಟೆಯ ಕೊಳವೆಯನ್ನು ಪೈಪಿನೊಳಗೆ ತೂರಿಸಿ, ಉಬ್ಬಿಸಿ, ಬಿಸಿ ಕೊಟ್ಟು ಗಟ್ಟಿ ಮಾಡುವ ವಿಧಾನ ಇದು. 1971ರಲ್ಲಿ ಲಂಡನ್ನಿನಲ್ಲಿ ಮೊದಲು ಬಳಸಿದ್ದು. ರಸ್ತೆ ಅಗೆಯಬೇಕಿಲ್ಲ. ಆದರೆ ಹಳೇ ಪೈಪು ಇನ್ನು ಭಾರ ಹೊರುವುದಿಲ್ಲ ಎಂದೇ ಲೆಕ್ಕ ಹಾಕಿ ಅಂಗಿಯ ದಪ್ಪ ಗೊತ್ತು ಮಾಡಬೇಕು. ಗುತ್ತಿಗೆದಾರರು ತಂದ ಮೊದಲ ಲೆಕ್ಕದಲ್ಲಿ ಹಳೇ ಪೈಪು ಅರ್ಧ ಭಾರ ಹೊರುತ್ತದೆ ಎಂದಿತ್ತು. ಮೇಜಿನ ಮೇಲಿನ ತುಂಡನ್ನು ತೋರಿಸಿದೆವು. ಲೆಕ್ಕ ಬದಲಾಯಿತು.

ಸೀಲ್‌ಗಳನ್ನು ತೆಗೆದು, ಒಂದು ಎತ್ತರದ ಗಾಳಿ ಕೊಳವೆ ನಿಲ್ಲಿಸಿ, ಅದರ ಬಾಯಿಗೆ ಇದ್ದಿಲಿನ ಶೋಧಕ ಇಟ್ಟೆವು. ಇದ್ದಿಲು ಬದಲಿಸುವುದು ತಡವಾದ ವಾರ ವಾಸನೆಯ ದೂರು ಬರುತ್ತದೆ. ಈಗ ಆ ದೂರನ್ನು "ಬಗೆಹರಿದಿದೆ" ಎಂದು ಮುಚ್ಚುವ ಮೊದಲು ಮಾಪಕದ ಗೆರೆ ನೋಡುತ್ತೇವೆ.

ಈಗಿನ ಸ್ಥಿತಿ

ಅಂಗಿ ತೊಡಿಸಿ ಮೂರು ವರ್ಷವಾಗಿದೆ. ಆ 300 ಮೀಟರಿನಲ್ಲಿ ತೊಂದರೆ ಇಲ್ಲ. ಅದರಿಂದ ಕೆಳಗಿನ ಪೈಪಿನ ನೆತ್ತಿಯಲ್ಲೂ ಬಿಳಿ ಪದರ ಇದೆ, ತೆಳುವಾಗಿ. ವರ್ಷಕ್ಕೊಮ್ಮೆ ನೀರು ತಗ್ಗಿರುವ ಹೊತ್ತಿನಲ್ಲಿ ಕ್ಯಾಮೆರಾ ಬಿಡುತ್ತೇವೆ, ಜೊತೆಗೆ ಲೇಸರಿನಿಂದ ಒಳ ವ್ಯಾಸ ಅಳೆಯುತ್ತೇವೆ. ಹೋದ ಎರಡು ಅಳತೆಗಳ ನಡುವೆ ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ಕಡಿಮೆ. ಅದು ನಿಜವಾದ ಸುಧಾರಣೆಯೋ ಉಪಕರಣದ ಮಿತಿಯೋ ಎಂದು ಹೇಳಲು ಇನ್ನೂ ಎರಡು ಅಳತೆ ಬೇಕು.

ಹೋದ ತಿಂಗಳು ಇನ್ನೊಂದು ಬಡಾವಣೆಯ ಪಂಪ್‌ಹೌಸಿನ ನಕ್ಷೆ ನಮ್ಮ ಮೇಜಿಗೆ ಬಂತು. ಒತ್ತಡದ ಪೈಪಿನ ವ್ಯಾಸ 450 ಮಿಲಿಮೀಟರ್, 30 ವರ್ಷದ ಆಚೆಗಿನ ಜನಸಂಖ್ಯೆಗೆ. ಪುಟ ತಿರುಗಿಸಿ, ಮೊದಲ ವರ್ಷದ ರಾತ್ರಿ ಎಷ್ಟು ನೀರು ಬರುತ್ತದೆ ಎಂಬ ಲೆಕ್ಕ ಹುಡುಕಿದೆವು. ಇರಲಿಲ್ಲ. ಕಡತ ವಾಪಸ್ ಹೋಗಿದೆ, ಜೊತೆಗೆ ಪೈಪಿನ ತುಂಡಿನ ಒಂದು ಫೋಟೋ.